ಬಿಪಿ ಮಾತ್ರೆ ಒಂದು ಹೊತ್ತು ತಪ್ಪಿದರೆ ಏನು ಮಾಡಬೇಕು? ರೀಡಿಂಗ್ ಕಡಿಮೆ ಬಂದ ದಿನ ಬಿಡಬಹುದೇ?

ತಿಳಿಗೊಳ:

ರೋಗಿಗೆ 64 ವರ್ಷ. ಮೆಟೊಪ್ರೊಲಾಲ್ ಸಕ್ಸಿನೇಟ್ 25 ಎಂಜಿ, ಎಕ್ಸ್‌ಟೆಂಡೆಡ್ ರಿಲೀಸ್, ಬೆಳಿಗ್ಗೆ ಒಂದು ಮೊದಲಿಂದಲೂ ಇತ್ತು. ಮೂರು ವಾರದಿಂದ ಇನ್ನೆರಡು ಸೇರಿವೆ. ಟೆಲ್ಮಿಸಾರ್ಟನ್ 40 ಮತ್ತು ಹೈಡ್ರೋಕ್ಲೋರೊಥಯಜೈಡ್ 12.5 ಒಂದೇ ಮಾತ್ರೆಯಲ್ಲಿ, ಬೆಳಿಗ್ಗೆ. ಆಮ್ಲೋಡಿಪಿನ್ 5 ಎಂಜಿ, ರಾತ್ರಿ.

ಡಾಕ್ಟರ ಹತ್ತಿರ ಮುಂದಿನ ಭೇಟಿಗೆ ಇನ್ನೂ ಸಮಯವಿದೆ. ಅಷ್ಟರಲ್ಲಿ ಬಂದ ಅನುಮಾನಗಳು: ಬೆಳಗಿನ ಮಾತ್ರೆ ಮರೆತು ಸಂಜೆ ನೆನಪಾದರೆ ಆಗಲೇ ಕೊಡಬೇಕೋ, ಮರುದಿನ ಎರಡು ಕೊಡಬೇಕೋ? ಕೆಲವು ದಿನ 112/70 ಬರುತ್ತದೆ, ಅಂಥ ದಿನ ಒಂದನ್ನು ಬಿಟ್ಟರೆ ನಡೆಯುತ್ತದೆಯೇ? ನುಂಗಲು ಕಷ್ಟವಾಗುತ್ತದೆ ಎನ್ನುತ್ತಾರೆ, ಪುಡಿ ಮಾಡಬಹುದೇ? ಮಂಡಿನೋವಿಗೆ ಐಬುಪ್ರೊಫೆನ್ ಕೊಡಬಹುದೇ?

ಗುಳಿಗೆಲೆಕ್ಕ:

ಮರೆತ ಡೋಸಿನ ವಿಷಯ ಮೊದಲು. ಎಷ್ಟೇ ಹೊತ್ತಾಗಿದ್ದರೂ ಎರಡು ಒಟ್ಟಿಗೆ ಬೇಡ. ದಿನಕ್ಕೊಮ್ಮೆ ನುಂಗುವ ಮಾತ್ರೆಯಾದರೆ, ತಪ್ಪಿ ಸುಮಾರು 12 ಗಂಟೆಯೊಳಗೆ ನೆನಪಾದರೆ ಆಗಲೇ ತೆಗೆದುಕೊಂಡು ಮರುದಿನ ಎಂದಿನ ಹೊತ್ತಿಗೇ ಮರಳಬಹುದು. ಅದಕ್ಕಿಂತ ತಡವಾಗಿದ್ದರೆ ಅದನ್ನು ಕೈಬಿಟ್ಟು ಮುಂದಿನದನ್ನು ಸಮಯಕ್ಕೆ ಕೊಡಿ. ದಿನಕ್ಕೆರಡು ಸಲದ ಮಾತ್ರೆಗೆ ಈ ಗಡಿ ಅರ್ಧಕ್ಕೆ ಇಳಿಯುತ್ತದೆ. ಕೊಟ್ಟೆವೋ ಇಲ್ಲವೋ ಎಂಬುದೇ ನೆನಪಿಲ್ಲದಿದ್ದರೆ ಕೊಟ್ಟಾಗಿದೆ ಎಂದೇ ಲೆಕ್ಕ ಹಿಡಿಯಿರಿ. ಒಂದು ಡೋಸ್ ತಪ್ಪಿದ್ದಕ್ಕಿಂತ ಡಬಲ್ ಆಗಿದ್ದೇ ಹೆಚ್ಚು ತೊಂದರೆ ಕೊಡುತ್ತದೆ.

ಏಕೆಂದರೆ ಆಮ್ಲೋಡಿಪಿನ್ ರಕ್ತದಲ್ಲಿ ಅರ್ಧಕ್ಕಿಳಿಯಲು 30ರಿಂದ 50 ಗಂಟೆ ಬೇಕು, ಟೆಲ್ಮಿಸಾರ್ಟನ್‌ಗೆ ಹತ್ತಿರ ಹತ್ತಿರ 24 ಗಂಟೆ. ಒಂದು ಹೊತ್ತು ತಪ್ಪಿದರೂ ಹಿಂದಿನ ದಿನಗಳ ಮದ್ದು ಒಳಗೆ ಕೆಲಸ ಮಾಡುತ್ತಲೇ ಇರುತ್ತದೆ. ಆದ್ದರಿಂದ 'ಸರಿದೂಗಿಸುವ' ಅಗತ್ಯವೇ ಇಲ್ಲ. ಎರಡು ನುಂಗಿದರೆ ಆಮ್ಲೋಡಿಪಿನ್ನಿನ ಉತ್ತುಂಗ 6ರಿಂದ 12 ಗಂಟೆ ಕಳೆದು ಬರುತ್ತದೆ. ರಾತ್ರಿ ಡಬಲ್ ಆದದ್ದು ನಸುಕಿನಲ್ಲಿ ಶೌಚಕ್ಕೆ ಏಳುವಾಗ ತಲೆ ಸುತ್ತಿ ಬೀಳುವ ರೂಪದಲ್ಲಿ ಗೊತ್ತಾಗಬಹುದು. ಅಕಸ್ಮಾತ್ ಒಂದು ಹೆಚ್ಚಾಗಿಬಿಟ್ಟರೆ ಕೂರಿಸಿ, ಬಿಪಿ ಮತ್ತು ನಾಡಿ ನೋಡಿ, ಆ ದಿನ ವಾಹನ ಓಡಿಸಲು ಬಿಡಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಅದಕ್ಕಿಂತ ಹೆಚ್ಚು ಹೋಗಿದ್ದರೆ, ರೋಗಿ ಆರಾಮಾಗಿದ್ದಂತೆ ಕಂಡರೂ ನೇರ ಆಸ್ಪತ್ರೆಗೆ. ಆಮ್ಲೋಡಿಪಿನ್, ವೆರಾಪಾಮಿಲ್, ಡಿಲ್ಟಿಯಾಜೆಮ್ ಮತ್ತು ಮೆಟೊಪ್ರೊಲಾಲ್ ಜಾತಿಯ ಮಾತ್ರೆಗಳ ಓವರ್‌ಡೋಸ್ ಆದವರ ಸ್ಥಿತಿ ತಡವಾಗಿ ಕೆಡುತ್ತದೆ.

ಈ ಚೀಟಿಯಲ್ಲಿ ನಿಜವಾಗಿ ಹುಷಾರಾಗಿರಬೇಕಾದದ್ದು ಮೆಟೊಪ್ರೊಲಾಲ್. ಒಂದು ದಿನ ತಪ್ಪಿದರೆ ದೊಡ್ಡದಲ್ಲ. 'ಬಿಪಿ ಸರಿಹೋಯಿತು' ಎಂದು ದಿಢೀರನೆ ನಿಲ್ಲಿಸುವುದು ದೊಡ್ಡದು. ಇದು ಬೀಟಾ ಬ್ಲಾಕರ್, ಅಂದರೆ ಹೃದಯದ ಮೇಲೆ ಅಡ್ರಿನಲಿನ್ನಿನ ಕೆಲಸ ತಡೆಯುವ ಮದ್ದು. ಅದು ದಿನವೂ ಬೀಳುತ್ತಿರುವಾಗ ಹೃದಯ ಅಡ್ರಿನಲಿನ್ನಿನ ಗ್ರಾಹಕಗಳನ್ನು ಹೆಚ್ಚಿಸಿಕೊಂಡಿರುತ್ತದೆ. ತಡೆ ಒಮ್ಮೆಲೇ ಹೋದರೆ ಅಷ್ಟೂ ಗ್ರಾಹಕಗಳ ಮೇಲೆ ಅಡ್ರಿನಲಿನ್ ಎರಗುತ್ತದೆ. ನಾಡಿ ಓಡುತ್ತದೆ, ಬಿಪಿ ಏರುತ್ತದೆ, ಹೃದಯದ ರಕ್ತನಾಳ ಮೊದಲೇ ಕಿರಿದಾಗಿದ್ದವರಿಗೆ ಎದೆನೋವು, ಹೃದಯಾಘಾತವೂ ಆಗಬಹುದು. ನಿಲ್ಲಿಸಲೇಬೇಕಾದರೆ ಡಾಕ್ಟರು ಒಂದೆರಡು ವಾರದಲ್ಲಿ ಹಂತಹಂತವಾಗಿ ಇಳಿಸುತ್ತಾರೆ. ಸ್ಟ್ರಿಪ್ ಮುಗಿಯುವ ಹೊತ್ತಿಗೆ ಮುಂದಿನದು ಮನೆಯಲ್ಲಿರಬೇಕು ಎನ್ನುವುದು ಇದಕ್ಕೇ. ಕನಿಷ್ಠ ಒಂದು ವಾರದ ಮಾತ್ರೆ ಯಾವಾಗಲೂ ಕೈಯಲ್ಲಿರಲಿ. ಕ್ಲೋನಿಡಿನ್ ಎಂಬ ಇನ್ನೊಂದು ಬಿಪಿ ಮದ್ದು ಇನ್ನೂ ಕಟು. ಅದನ್ನು ಹಠಾತ್ತನೆ ಬಿಟ್ಟರೆ ಒಂದೆರಡು ದಿನದಲ್ಲೇ ಬಿಪಿ ಮೊದಲಿದ್ದುದಕ್ಕಿಂತ ಮೇಲೆ ಹಾರುತ್ತದೆ. ಪ್ರಾಜೋಸಿನ್, ಟೆರಾಜೋಸಿನ್ ತಗೊಳ್ಳುವವರಿಗೆ ಇದರ ತದ್ವಿರುದ್ಧ ಅಪಾಯ. ಹಲವು ದಿನ ಬಿಟ್ಟು ಹಳೆಯ ಪೂರ್ತಿ ಡೋಸಿನಿಂದಲೇ ಮತ್ತೆ ಶುರು ಮಾಡಿದರೆ ಎದ್ದು ನಿಂತಾಗ ಮೂರ್ಛೆ ಹೋಗಬಹುದು. ಡಾಕ್ಟರನ್ನು ಕೇಳಿ ಕಡಿಮೆ ಡೋಸಿನಿಂದ, ಮಲಗುವ ಮುನ್ನ ಶುರು ಮಾಡಬೇಕು.

ಪುಡಿ ಮಾಡುವ ವಿಷಯ: ಮೆಟೊಪ್ರೊಲಾಲ್ ಸಕ್ಸಿನೇಟ್ ಪುಡಿ ಮಾಡಲೇಬಾರದು, ಅಗಿಯಲೂಬಾರದು. ಇಡೀ ದಿನಕ್ಕೆಂದು ಸ್ವಲ್ಪ ಸ್ವಲ್ಪವೇ ಬಿಡುವ ಮದ್ದು ಒಂದೇ ಸಲಕ್ಕೆ ಸುರಿಯುತ್ತದೆ. ಮಧ್ಯೆ ಗೆರೆ ಇದ್ದರೆ ಆ ಗೆರೆಯಲ್ಲಿ ಎರಡು ತುಂಡು ಮಾಡಿ ಒಂದರ ಹಿಂದೆ ಒಂದು ನುಂಗಬಹುದು, ಅಷ್ಟೇ. ಊಟದ ಜೊತೆ ಅಥವಾ ಊಟವಾದ ಕೂಡಲೇ ಕೊಡಿ. ಆಮ್ಲೋಡಿಪಿನ್ ಸಾದಾ ಮಾತ್ರೆ, ಮುರಿಯಬಹುದು. ಮಾತ್ರೆಯ ಹೆಸರಿನ ಬಾಲದಲ್ಲಿ ಎಕ್ಸ್‌ಎಲ್, ಇಆರ್, ಎಸ್‌ಆರ್, ಸಿಆರ್ ಏನೇ ಇದ್ದರೂ ಅದು ಹೀಗೆ ನಿಧಾನವಾಗಿ ಮದ್ದು ಬಿಡುವ ಮಾತ್ರೆ, ಕೇಳದೆ ಪುಡಿ ಮಾಡಬೇಡಿ. ನಿಫೆಡಿಪಿನ್ನಿನ ಕೆಲವು ದೀರ್ಘಾವಧಿ ಮಾತ್ರೆಗಳ ಖಾಲಿ ಚಿಪ್ಪು ಮಲದಲ್ಲಿ ಹಾಗೇ ಹೊರಬರುತ್ತದೆ. 'ಮಾತ್ರೆ ಕರಗಲೇ ಇಲ್ಲ' ಎಂದು ಹೆದರಿ ಇನ್ನೊಂದು ನುಂಗುವವರಿದ್ದಾರೆ. ಮದ್ದು ದೇಹದೊಳಗೇ ಉಳಿದು ಚಿಪ್ಪು ಮಾತ್ರ ಬಂದಿರುತ್ತದೆ.

ಪಾದರಸ:

112/70 ಬಂದ ದಿನ ಬಿಡಬಹುದೇ ಎಂಬುದಕ್ಕೆ: ಬೇಡ. ಆ 112 ಮಾತ್ರೆ ಕೊಟ್ಟಿರುವ 112. ಆಮ್ಲೋಡಿಪಿನ್ ಒಂದು ದಿನ ಬಿಟ್ಟರೆ ಅದರ ಫಲ ಆ ದಿನ ಕಾಣುವುದಿಲ್ಲ. ಎರಡು-ಮೂರು ದಿನ ಬಿಟ್ಟಾಗ ನಿಧಾನವಾಗಿ ಏರುತ್ತದೆ, ಆಗ ಗಾಬರಿಯಾಗಿ ಮತ್ತೆ ಶುರು, ಅದು ಪೂರ್ತಿ ಹಿಡಿಯಲು ಇನ್ನೊಂದು ವಾರ. ಹೀಗೆ ದಿನದ ಅಂಕಿ ನೋಡಿ ಮಾತ್ರೆ ಹಾಕುವ ಮನೆಗಳಲ್ಲಿ ಬಿಪಿ ಏರಿಳಿಯುವುದು ಬಹುಪಾಲು ಈ ಆಟದಿಂದಲೇ. ಡಾಕ್ಟರಿಗೂ ಯಾವ ಮಾತ್ರೆ ಕೆಲಸ ಮಾಡುತ್ತಿದೆ ಎಂಬುದು ತಿಳಿಯುವುದಿಲ್ಲ.

ನೋಡಬೇಕಾದದ್ದು ಲಕ್ಷಣ ಮತ್ತು ಸರಾಸರಿ. ಮೇಲಿನ ಅಂಕಿ ಮತ್ತೆ ಮತ್ತೆ 100ಕ್ಕಿಂತ ಕೆಳಗೆ ಬರುತ್ತಿದ್ದರೆ, ನಾಡಿ 50ಕ್ಕಿಂತ ಕಡಿಮೆ ಇದ್ದರೆ, ಎದ್ದಾಗ ಕಣ್ಣು ಕತ್ತಲೆ ಬರುತ್ತಿದ್ದರೆ ಮುಂದಿನ ಡೋಸಿಗೆ ಮೊದಲೇ ಫೋನ್ ಮಾಡಿ ಕೇಳಿ. ಅಂಕಿ 115 ಇದ್ದೂ ಎದ್ದಾಗ ತೂರಾಡುವವರಿರುತ್ತಾರೆ. ಅದಕ್ಕೆ ಪರೀಕ್ಷೆ ಸುಲಭ: ಐದು ನಿಮಿಷ ಮಲಗಿಸಿ ಒಂದು ರೀಡಿಂಗ್, ಎದ್ದು ನಿಂತು 1 ನಿಮಿಷಕ್ಕೆ ಒಂದು, 3 ನಿಮಿಷಕ್ಕೆ ಇನ್ನೊಂದು. ಮೇಲಿನದು 20 ಅಥವಾ ಕೆಳಗಿನದು 10 ಇಳಿದರೆ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ನಿಂತಾಗ ಪಕ್ಕದಲ್ಲಿ ಒಬ್ಬರಿರಲಿ.

ಇನ್ನು ಅಳತೆಯ ಕ್ರಮ. ಬಹಳ ಸಲ ಕೆಟ್ಟಿರುವುದು ಬಿಪಿ ಅಲ್ಲ, ಅಳತೆ. ಅದಕ್ಕೆ ಮುಂಚಿನ ಅರ್ಧ ಗಂಟೆ ಕಾಫಿ, ಬೀಡಿ-ಸಿಗರೇಟು, ವ್ಯಾಯಾಮ ಇರಬಾರದು. ಮೂತ್ರ ಕಟ್ಟಿಕೊಂಡು ಕೂರಬಾರದು. ಬೆನ್ನಿಗೆ ಆಸರೆ, ಎರಡೂ ಪಾದ ನೆಲದ ಮೇಲೆ, ಕಾಲ ಮೇಲೆ ಕಾಲು ಬೇಡ, ಐದು ನಿಮಿಷ ಮಾತಿಲ್ಲದೆ ಕೂರಬೇಕು. ತೋಳನ್ನು ಮೇಜಿನ ಮೇಲಿಟ್ಟು ಪಟ್ಟಿ ಹೃದಯದ ಮಟ್ಟಕ್ಕೆ ಬರುವಂತೆ ನೋಡಿ. ಕೈ 10 ಸೆಂಟಿಮೀಟರ್ ಕೆಳಗಿದ್ದರೆ ಸಾಕು, ರೀಡಿಂಗ್ ಏಳೆಂಟು ಅಂಕ ಹೆಚ್ಚು ಬರುತ್ತದೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೂ ಹೆಚ್ಚೇ ತೋರಿಸುತ್ತದೆ. ತೋಳಿನ ಸುತ್ತಳತೆ ಅಳೆದು ಪಟ್ಟಿಯ ಮೇಲಿನ ಅಂಕಿಗೆ ಹೋಲಿಸಿ. ಬಟ್ಟೆಯ ಮೇಲೆ ಕಟ್ಟಬೇಡಿ.

ಒಂದು ನಿಮಿಷದ ಅಂತರದಲ್ಲಿ ಎರಡು ರೀಡಿಂಗ್, ಬೆಳಿಗ್ಗೆ ಮಾತ್ರೆಗೆ ಮುಂಚೆ ಮತ್ತು ಸಂಜೆ, ಏಳು ದಿನ. ಮೊದಲ ದಿನದ್ದು ಬಿಟ್ಟು ಉಳಿದದ್ದರ ಸರಾಸರಿ ತೆಗೆಯಿರಿ. ಮನೆಯ ಸರಾಸರಿಗೆ 135/85 ಸಾಮಾನ್ಯ ಗಡಿ, ಇದು ಆಸ್ಪತ್ರೆಯ 140/90ಕ್ಕೆ ಸಮ. ನಿಮ್ಮ ರೋಗಿಗೆ ಡಾಕ್ಟರು ಬೇರೆ ಗುರಿ ಹೇಳಿದ್ದರೆ ಅದೇ ಪ್ರಮಾಣ. ಮಾತ್ರೆಗೆ ಮುಂಚಿನ ರೀಡಿಂಗ್ ಮುಖ್ಯ, ಏಕೆಂದರೆ ಹಿಂದಿನ ದಿನದ ಡೋಸ್ ಪೂರ್ತಿ 24 ಗಂಟೆ ಬಂತೋ ಇಲ್ಲವೋ ಎಂಬುದನ್ನು ಹೇಳುವುದು ಅದೊಂದೇ.

180/120 ಮೇಲೆ ಬಂದರೆ? ಐದು ನಿಮಿಷ ಸುಮ್ಮನೆ ಕೂರಿಸಿ ಮತ್ತೆ ನೋಡಿ. ಅಷ್ಟೇ ಇದ್ದು ಬೇರೆ ಲಕ್ಷಣ ಇಲ್ಲದಿದ್ದರೆ ಅದೇ ದಿನ ಡಾಕ್ಟರಿಗೆ ತಿಳಿಸಿ. ಎದೆನೋವು, ಉಸಿರುಕಟ್ಟು, ಒಂದು ಕಡೆ ಕೈಕಾಲು ಸೋಲುವುದು, ಮಾತು ತೊದಲುವುದು, ದೃಷ್ಟಿ ಮಸುಕು, ಹಿಂದೆಂದೂ ಇಲ್ಲದ ತಲೆನೋವು, ಇವುಗಳಲ್ಲಿ ಒಂದಿದ್ದರೂ ಮತ್ತೆ ಅಳೆಯುತ್ತ ಕೂರಬೇಡಿ, ಆಂಬ್ಯುಲೆನ್ಸ್ ಕರೆಯಿರಿ. ಎರಡೂ ಸಂದರ್ಭಗಳಲ್ಲಿ ನಿಫೆಡಿಪಿನ್ ಕ್ಯಾಪ್ಸೂಲ್ ಚುಚ್ಚಿ ನಾಲಿಗೆ ಕೆಳಗೆ ಹಿಂಡುವ ಹಳೇ ಚಾಳಿ ಬೇಡವೇ ಬೇಡ. ಬಿಪಿ ಎಲ್ಲಿಗೆ ಬಿದ್ದು ನಿಲ್ಲುತ್ತದೆಂದು ಹೇಳಲಾಗದು. ಆ ಕುಸಿತದಿಂದಲೇ ಪಾರ್ಶ್ವವಾಯು, ಹೃದಯಾಘಾತ ಆದದ್ದುಂಟು.

ಬೆಳ್ಳಿಚುಕ್ಕಿ:

ಬಿಪಿ ಮಾತ್ರೆ ಎಲ್ಲವನ್ನೂ ರಾತ್ರಿಗೆ ಹಾಕಿಬಿಡಿ. ರಾತ್ರಿ ತಗೊಂಡರೇ ಹೃದಯಕ್ಕೆ ಒಳ್ಳೆಯದು ಅಂತ ಸಾಬೀತಾಗಿದೆ. ಮರೆಯುವ ಗೊಂದಲವೂ ಇರುವುದಿಲ್ಲ.

ಗುಳಿಗೆಲೆಕ್ಕ:

ಬೆಳ್ಳಿಚುಕ್ಕಿ, ಅಂಥ ಒಂದು ಅಧ್ಯಯನ ದೊಡ್ಡ ಸುದ್ದಿ ಮಾಡಿದ್ದು ನಿಜ. ಆದರೆ 2022ರಲ್ಲಿ ವೈದ್ಯಕೀಯ ಪತ್ರಿಕೆ ಲ್ಯಾನ್ಸೆಟ್‌ನಲ್ಲಿ ಬಂದ ಬ್ರಿಟನ್ನಿನ 'ಟೈಮ್' ಅಧ್ಯಯನ 21,000ಕ್ಕೂ ಹೆಚ್ಚು ಜನರನ್ನು ಬೆಳಿಗ್ಗೆಯ ಗುಂಪು, ಸಂಜೆಯ ಗುಂಪು ಎಂದು ಹಂಚಿ ವರ್ಷಗಟ್ಟಲೆ ಗಮನಿಸಿತು. ಹೃದಯಾಘಾತ, ಪಾರ್ಶ್ವವಾಯು, ಹೃದಯ ಕಾಯಿಲೆಯ ಸಾವು ಸೇರಿಸಿ ನೋಡಿದಾಗ ಎರಡರಲ್ಲೂ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಮರೆಯದೆ ತಗೊಳ್ಳಲು ಯಾವ ಹೊತ್ತು ಅನುಕೂಲವೋ ಅದೇ ಒಳ್ಳೆಯ ಹೊತ್ತು.

ಈ ಚೀಟಿಯಲ್ಲಂತೂ ಎಲ್ಲವನ್ನೂ ರಾತ್ರಿಗೆ ತಳ್ಳುವುದು ತಪ್ಪು. ಟೆಲ್ಮಿಸಾರ್ಟನ್ ಜೊತೆ ಥಯಜೈಡ್ ಇದೆ, ಅದು ಮೂತ್ರ ಹೆಚ್ಚಿಸುತ್ತದೆ. ರಾತ್ರಿ ಕೊಟ್ಟರೆ ನಿದ್ದೆಗಣ್ಣಿನಲ್ಲಿ ಕತ್ತಲಲ್ಲಿ ಏಳಬೇಕು, 64ರ ವಯಸ್ಸಿನಲ್ಲಿ ಬಿದ್ದರೆ ಸೊಂಟದ ಮೂಳೆ. ಹೊತ್ತು ಬದಲಿಸಬೇಕೆನಿಸಿದರೆ ಡಾಕ್ಟರನ್ನು ಕೇಳಿ ಬದಲಿಸಿ.

ಹನಿಹಳ್ಳ:

ಐಬುಪ್ರೊಫೆನ್ ಪ್ರಶ್ನೆ ಕೊನೆಯಲ್ಲಿ ಸಣ್ಣದಾಗಿ ಬಂದಿದೆ. ಈ ಚೀಟಿಗೆ ಅದೇ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ.

ಮೂತ್ರಪಿಂಡದ ಶೋಧಕಕ್ಕೆ ರಕ್ತ ತರುವ ನಾಳ ಒಂದು, ಒಯ್ಯುವ ನಾಳ ಇನ್ನೊಂದು. ಒಳಗಿನ ಒತ್ತಡ ಉಳಿದರೆ ಮಾತ್ರ ಶೋಧನೆ ನಡೆಯುತ್ತದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್ ತರುವ ನಾಳವನ್ನು ಕಿರಿದಾಗಿಸುತ್ತವೆ. ಟೆಲ್ಮಿಸಾರ್ಟನ್ ಒಯ್ಯುವ ನಾಳವನ್ನು ಸಡಿಲಿಸುತ್ತದೆ. ಥಯಜೈಡ್ ದೇಹದ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಕೂಡಿದಾಗ ಶೋಧಕದ ಒತ್ತಡ ಕುಸಿದು ಕೆಲವೇ ದಿನದಲ್ಲಿ ರಕ್ತದ ಕ್ರಿಯಾಟಿನಿನ್ (ಮೂತ್ರಪಿಂಡ ಸೋಲುತ್ತಿದೆಯೇ ಎಂದು ತೋರಿಸುವ ಅಂಕಿ) ಏರಬಹುದು. ಬೇಸಿಗೆಯ ಬೆವರು, ಜ್ವರ, ವಾಂತಿ-ಭೇದಿ ಸೇರಿದರೆ ಇನ್ನೂ ಬೇಗ. ಸಾಲದ್ದಕ್ಕೆ ಐಬುಪ್ರೊಫೆನ್ ಜಾತಿಯ ಈ ನೋವಿನ ಮಾತ್ರೆಗಳು ಉಪ್ಪು-ನೀರು ಹಿಡಿದಿಟ್ಟು ಬಿಪಿಯನ್ನೂ ಏರಿಸುತ್ತವೆ. ನೋವಿನ ಮಾತ್ರೆಯಿಂದ ಏರಿದ ಬಿಪಿಗೆ ಇನ್ನೊಂದು ಬಿಪಿ ಮಾತ್ರೆ ಸೇರುವುದು ಅಪರೂಪವೇನಲ್ಲ.

ಮಂಡಿಗೆ ಮೊದಲು ಪ್ಯಾರಾಸಿಟಮಾಲ್, ಡಾಕ್ಟರು ಹೇಳಿದ ಮಿತಿಯಲ್ಲಿ. ನೀರಲ್ಲಿ ಬುರುಬುರು ಕರಗುವ ಮಾತ್ರೆ ಬೇಡ. ಅಂಥ 500 ಎಂಜಿ ಪ್ಯಾರಾಸಿಟಮಾಲ್ ಒಂದರಲ್ಲಿ ಸುಮಾರು 400 ಎಂಜಿ ಸೋಡಿಯಂ ಇರುತ್ತದೆ, ದಿನಕ್ಕೆ ನಾಲ್ಕು ಹಾಕಿದರೆ ಉಪ್ಪು ಬಿಟ್ಟದ್ದೆಲ್ಲ ವ್ಯರ್ಥ. ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್ ರಕ್ತಕ್ಕೆ ಸೇರುವುದು ಕಡಿಮೆ, ಆದರೂ ಹೇಳಿ ಹಚ್ಚಿ.

ಅಂಗಡಿಯಲ್ಲಿ ಕೇಳಿ ತರುವ ಇನ್ನು ಕೆಲವು: ಶೀತದ ಮಾತ್ರೆಯಲ್ಲಿರುವ ಸ್ಯೂಡೋಎಫೆಡ್ರಿನ್, ಫಿನೈಲೆಫ್ರಿನ್ ರಕ್ತನಾಳ ಬಿಗಿಸುತ್ತವೆ. ಮೂಗಿನ ಆಕ್ಸಿಮೆಟಜೋಲಿನ್ ಹನಿಗೂ ಅದೇ ಮಾತು. ಅತಿಮಧುರ ದಿನವೂ ತಿಂದರೆ ಪೊಟ್ಯಾಸಿಯಂ ಇಳಿದು ಬಿಪಿ ಏರುತ್ತದೆ. ಗಿಡಮೂಲಿಕೆ ಕಷಾಯ, ಕೆಮ್ಮಿನ ಲೇಹ್ಯದ ಚೀಟಿ ಓದಿ ನೋಡಿ. 'ಕಡಿಮೆ ಸೋಡಿಯಂ' ಉಪ್ಪಿನಲ್ಲಿ ಸೋಡಿಯಂ ಜಾಗಕ್ಕೆ ಪೊಟ್ಯಾಸಿಯಂ ಕ್ಲೋರೈಡ್ ಹಾಕಿರುತ್ತಾರೆ. ಟೆಲ್ಮಿಸಾರ್ಟನ್ ಮೊದಲೇ ಪೊಟ್ಯಾಸಿಯಂ ಹಿಡಿದಿಡುವ ಮದ್ದು. ಮೂತ್ರಪಿಂಡ ಸ್ವಲ್ಪ ದುರ್ಬಲವಿದ್ದರೂ ಈ ಜೋಡಿ ಹೃದಯದ ಲಯ ಕೆಡಿಸುವಷ್ಟು ಏರಿಸಬಲ್ಲದು.

ವಾಂತಿ-ಭೇದಿಯಾಗಿ ನೀರೂ ನಿಲ್ಲದ ದಿನ ಟೆಲ್ಮಿಸಾರ್ಟನ್-ಥಯಜೈಡ್ ಮಾತ್ರೆಯನ್ನು ತಾತ್ಕಾಲಿಕವಾಗಿ ನಿಲ್ಲಿಸಬೇಕೇ, ಯಾವಾಗ ಮತ್ತೆ ಶುರು ಮಾಡಬೇಕು ಎಂಬುದನ್ನು ಈಗಲೇ ಡಾಕ್ಟರ ಬಳಿ ಕೇಳಿ ಬರೆಸಿಕೊಳ್ಳಿ. ಅಂಥ ದಿನ ಹೊಟ್ಟೆ ಖಾಲಿಯಿದ್ದು ಬಾಯಿ ಒಣಗಿರುವಾಗ ಫೋನ್ ಹುಡುಕುತ್ತ ಕೂರುವುದಕ್ಕಿಂತ ಅದು ವಾಸಿ. ಮೆಟೊಪ್ರೊಲಾಲನ್ನು ಆ ಪಟ್ಟಿಗೆ ನೀವಾಗಿಯೇ ಸೇರಿಸಬೇಡಿ.

ಒಂದು ಮರುಪ್ರಶ್ನೆ. ಟೆಲ್ಮಿಸಾರ್ಟನ್ ಶುರುವಾಗಿ ಮೂರು ವಾರವಾಯಿತು ಎಂದಿರಿ. ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ಪರೀಕ್ಷೆ ಆಗಿದೆಯೇ? ಶುರುವಾದ ಒಂದೆರಡು ವಾರಕ್ಕೆ ಒಮ್ಮೆ, ಡೋಸ್ ಹೆಚ್ಚಿಸಿದಾಗಲೆಲ್ಲ ಮತ್ತೊಮ್ಮೆ ನೋಡುವುದು ರೂಢಿ. ಕ್ರಿಯಾಟಿನಿನ್ ಮೊದಲಿಗಿಂತ ಶೇ. 30ರವರೆಗೆ ಏರಿದರೆ ಸಾಮಾನ್ಯವಾಗಿ ಮಾತ್ರೆ ಮುಂದುವರಿಸುತ್ತಾರೆ, ಅದಕ್ಕೂ ಮೀರಿದರೆ ಕಾರಣ ಹುಡುಕುತ್ತಾರೆ. ಸೋಡಿಯಂ ನೋಡುವುದು ಥಯಜೈಡ್ ಕಾರಣಕ್ಕೆ. ವಯಸ್ಸಾದವರಲ್ಲಿ ಮೊದಲ ವಾರಗಳಲ್ಲೇ ಅದು ಇಳಿದು ಮಂಕು, ವಾಕರಿಕೆ, ನಡೆಯಲ್ಲಿ ತೂರಾಟ ಬರಬಹುದು. ಅದನ್ನು 'ವಯಸ್ಸು' ಎಂದು ಬಿಟ್ಟುಬಿಡುತ್ತಾರೆ.

ಈ ರೋಗಿಗೆ ಸಂಬಂಧಿಸಿದ್ದಲ್ಲ, ಓದುವ ಬೇರೆಯವರಿಗೆ: ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಬಸಿರಿನಲ್ಲಿ ನಿಷಿದ್ಧ. ಮಗುವಿಗೆ ಯೋಚಿಸುತ್ತಿರುವವರು ಮೊದಲೇ ಡಾಕ್ಟರಿಗೆ ಹೇಳಿ ಬದಲಿಸಿಕೊಳ್ಳಬೇಕು.

ತಿಳಿಗೊಳ:

ರಕ್ತ ಪರೀಕ್ಷೆ ಆಗಿಲ್ಲ, ನಾಳೆಯೇ ಡಾಕ್ಟರಿಗೆ ಫೋನ್ ಮಾಡಿ ಕೇಳುತ್ತೇವೆ. ಇನ್ನೆರಡು ವಿಷಯ. ಸಂಜೆ ಹೊತ್ತಿಗೆ ಎರಡೂ ಕಾಲಿನ ಗೆಣ್ಣು ಊದಿರುತ್ತದೆ, ಬೆಳಿಗ್ಗೆಗೆ ಇಳಿದಿರುತ್ತದೆ. ಬೇರೆಯವರಿಗೆ ಬರೆದ ಫ್ಯುರೊಸೆಮೈಡ್ (ಮೂತ್ರ ಹೆಚ್ಚಿಸುವ ಮಾತ್ರೆ) ಮನೆಯಲ್ಲಿದೆ, ಅರ್ಧ ಕೊಡಬಹುದೇ? ಮತ್ತೆ, ಈ ಸಲ ಆಮ್ಲೋಡಿಪಿನ್ 5 ಬದಲು ಎಸ್-ಆಮ್ಲೋಡಿಪಿನ್ 2.5 ಕೊಟ್ಟಿದ್ದಾರೆ. ಅಂದರೆ ಅರ್ಧ ಡೋಸ್ ಆಯಿತಲ್ಲ, ಎರಡು ಕೊಡಬೇಕೇ?

ಗುಳಿಗೆಲೆಕ್ಕ:

ಎರಡಕ್ಕೂ ಉತ್ತರ ಒಂದೇ: ಬೇಡ.

ಆಮ್ಲೋಡಿಪಿನ್ ಎರಡು ಕನ್ನಡಿಬಿಂಬ ರೂಪಗಳ ಸಮಮಿಶ್ರಣ. ಬಿಪಿ ಇಳಿಸುವುದು ಎಸ್ ರೂಪ ಮಾತ್ರ. ಎಸ್-ಆಮ್ಲೋಡಿಪಿನ್ ಎಂದರೆ ಆ ಅರ್ಧವನ್ನಷ್ಟೇ ತುಂಬಿದ ಮಾತ್ರೆ. ಹಾಗಾಗಿ ಅದರ 2.5 ಎಂಜಿ ಸಾದಾ ಆಮ್ಲೋಡಿಪಿನ್ 5 ಎಂಜಿಗೆ ಸಮ. ಎರಡು ಕೊಟ್ಟರೆ 10 ಎಂಜಿ ಕೊಟ್ಟಂತೆ. ಹಳೆಯ ಸ್ಟ್ರಿಪ್ಪಿನಲ್ಲಿ ಮಾತ್ರೆ ಉಳಿದಿದ್ದರೆ ಎರಡನ್ನೂ ಒಂದೇ ಡಬ್ಬಿಯಲ್ಲಿ ಇಡಬೇಡಿ. ಬ್ರ್ಯಾಂಡ್ ಹೆಸರು ಬೇರೆಯಾದ್ದರಿಂದ ಎರಡೂ ಬೇರೆ ಮದ್ದೆಂದು ಜೊತೆಗೆ ನುಂಗುವುದು ತೀರಾ ಸಾಮಾನ್ಯ. ಬ್ರ್ಯಾಂಡ್ ಬದಲಾದಾಗಲೆಲ್ಲ ಸ್ಟ್ರಿಪ್ಪಿನ ಹಿಂದಿನ ಸಣ್ಣಕ್ಷರ ಓದಿ, ಮೂಲ ಮದ್ದಿನ ಹೆಸರು ಮತ್ತು ಎಂಜಿ ಚೀಟಿಗೆ ತಾಳೆ ನೋಡಿ. ನಿಮ್ಮ ಕೈಯಲ್ಲಿರುವುದು ಚೀಟಿಯಲ್ಲಿಲ್ಲದ ಹೆಸರು, ಆದ್ದರಿಂದ ಬದಲಾವಣೆಯನ್ನೂ ಡಾಕ್ಟರಿಗೆ ತಿಳಿಸಿ. ಮೆಟೊಪ್ರೊಲಾಲಿನಲ್ಲೂ ಹೀಗೇ ಎಡವುತ್ತಾರೆ. ಸಕ್ಸಿನೇಟ್ ದಿನಕ್ಕೊಮ್ಮೆಯದು, ಸಾದಾ ಟಾರ್ಟ್ರೇಟ್ ಸಾಮಾನ್ಯವಾಗಿ ದಿನಕ್ಕೆರಡು ಸಲದ್ದು. ಒಂದರ ಬದಲು ಇನ್ನೊಂದನ್ನು ನೀವಾಗಿ ಕೊಡುವಂತಿಲ್ಲ.

ಊತ ಬಹುಶಃ ಆಮ್ಲೋಡಿಪಿನ್ನಿನದೇ. ಅದು ಸಣ್ಣ ಅಪಧಮನಿಗಳನ್ನು ಹಿಗ್ಗಿಸುತ್ತದೆ, ಆಚೆಯ ಅಭಿಧಮನಿಗಳನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ನಡುವಿನ ಲೋಮನಾಳಗಳಲ್ಲಿ ಒತ್ತಡ ಹೆಚ್ಚಿ ನೀರು ಅಂಗಾಂಶಕ್ಕೆ ಜಿನುಗುತ್ತದೆ, ದಿನವಿಡೀ ನಿಂತು-ಕೂತಾಗ ಗೆಣ್ಣಿಗೆ ಇಳಿಯುತ್ತದೆ. ದೇಹದಲ್ಲಿ ನೀರು ಹೆಚ್ಚಾಗಿರುವುದಿಲ್ಲ, ಜಾಗ ಬದಲಾಗಿರುತ್ತದೆ ಅಷ್ಟೇ. ಅದಕ್ಕೇ ಫ್ಯುರೊಸೆಮೈಡ್ ಇದಕ್ಕೆ ಸರಿಯಾದ ಮದ್ದಲ್ಲ. ಊತ ಉಳಿದು, ಥಯಜೈಡ್ ಮೇಲೆ ಇನ್ನೊಂದು ಮೂತ್ರವರ್ಧಕ ಬಿದ್ದು ಪೊಟ್ಯಾಸಿಯಂ, ಸೋಡಿಯಂ, ಮೂತ್ರಪಿಂಡ ಎಲ್ಲವೂ ಅಲುಗುತ್ತವೆ. ಕೂತಾಗ ಕಾಲು ಎತ್ತರಕ್ಕಿಟ್ಟರೆ ಸ್ವಲ್ಪ ಇಳಿಯುತ್ತದೆ. ಡೋಸ್ ಏರಿದಷ್ಟೂ ಊತ ಹೆಚ್ಚು, ಆದ್ದರಿಂದ ಡಾಕ್ಟರು ಸಾದಾ ಆಮ್ಲೋಡಿಪಿನ್ 2.5ರಷ್ಟಕ್ಕೆ ಇಳಿಸಬಹುದು, ಬೇರೆ ಮದ್ದಿಗೆ ಬದಲಿಸಬಹುದು. ಜೊತೆಗೆ ಟೆಲ್ಮಿಸಾರ್ಟನ್ ಇರುವುದೇ ಊತವನ್ನು ಒಂದಿಷ್ಟು ತಗ್ಗಿಸುತ್ತದೆ.

ಹೀಗಲ್ಲದ ಊತಗಳನ್ನು ಗುರುತಿಸಿಕೊಳ್ಳಿ. ಒಂದೇ ಕಾಲು ಊದಿ ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರಬಹುದು. ಮಲಗಿದಾಗ ಉಸಿರುಕಟ್ಟಿ, ಎರಡು-ಮೂರು ದಿನದಲ್ಲೇ ತೂಕ 2 ಕೆ.ಜಿ. ಏರಿದರೆ ಹೃದಯ ನೋಡಿಸಬೇಕು. ಇವೆರಡೂ ಅದೇ ದಿನದ ಕೆಲಸ. ತುಟಿ, ನಾಲಿಗೆ, ಮುಖ ಊದಿದರೆ ಅದು ಟೆಲ್ಮಿಸಾರ್ಟನ್ ಜಾತಿಯ ಮದ್ದಿನ ಅಪರೂಪದ ಅಡ್ಡಪರಿಣಾಮ. ಮುಂದಿನ ಡೋಸ್ ಕೊಡದೆ ತಕ್ಷಣ ಆಸ್ಪತ್ರೆಗೆ.

ಪಾದರಸ:

ಸಕ್ಕರೆ ಕಾಯಿಲೆಯೂ ಇದ್ದರೆ ಒಂದು ಮಾತು. ಇನ್ಸುಲಿನ್ ಅಥವಾ ಗ್ಲಿಮೆಪಿರೈಡ್ ನಡೆಯುತ್ತಿರುವವರಿಗೆ ಸಕ್ಕರೆ ಇಳಿದಾಗ ಬರುವ ಎದೆಬಡಿತ, ನಡುಕವನ್ನು ಮೆಟೊಪ್ರೊಲಾಲ್ ಮುಚ್ಚಿಬಿಡುತ್ತದೆ. ಬೆವರು ಮಾತ್ರ ಉಳಿಯುತ್ತದೆ. ಕಾರಣವಿಲ್ಲದೆ ಬೆವರಿದರೆ ಸಕ್ಕರೆ ಅಳೆಯಿರಿ.

ಹನಿಹಳ್ಳ:

ವಾರದ ಮಾತ್ರೆಡಬ್ಬಿ ತರುವ ಯೋಚನೆಯಿದ್ದರೆ ತನ್ನಿ, ಕೊಟ್ಟೆವೋ ಇಲ್ಲವೋ ಎಂಬ ಗೊಂದಲ ಅದರಿಂದಲೇ ಹೋಗುತ್ತದೆ. ಆದರೆ ಟೆಲ್ಮಿಸಾರ್ಟನ್ ಇರುವ ಮಾತ್ರೆಯನ್ನು ಸ್ಟ್ರಿಪ್ಪಿನಿಂದ ಬಿಡಿಸಿ ಅದರಲ್ಲಿ ಹಾಕಬೇಡಿ. ಅದು ಗಾಳಿಯ ತೇವ ಬಹಳ ಹೀರಿಕೊಳ್ಳುತ್ತದೆ. ಮೆತ್ತಗಾದ, ಉಬ್ಬಿದ, ಬಣ್ಣ ಮಾಸಿದ ಮಾತ್ರೆ ನುಂಗುವಂಥದ್ದಲ್ಲ. ಸ್ಟ್ರಿಪ್ಪನ್ನು ಕತ್ತರಿಯಿಂದ ಗುಳಿ ತೂತಾಗದಂತೆ ಬಿಡಿಬಿಡಿಯಾಗಿ ಕತ್ತರಿಸಿ, ಫಾಯಿಲ್ ಸಮೇತ ಆಯಾ ದಿನದ ಖಾನೆಗೆ ಹಾಕಿ. ನುಂಗುವ ಮುನ್ನ ಫಾಯಿಲ್ ಬಿಚ್ಚಲು ಮರೆಯಬಾರದು, ಕಣ್ಣು ಮಂಜಾದವರಾದರೆ ಬೇರೆಯವರೇ ಬಿಚ್ಚಿ ಕೊಡಲಿ. ಹೆಸರು ಮತ್ತು ಎಕ್ಸ್‌ಪೈರಿ ತಾರೀಖು ಇರುವ ತುಂಡನ್ನು ಕೊನೆಯ ಮಾತ್ರೆ ಮುಗಿಯುವವರೆಗೂ ಎಸೆಯಬೇಡಿ. ಡಬ್ಬಿ ಬಚ್ಚಲುಮನೆಯಲ್ಲೋ ಒಲೆಯ ಪಕ್ಕದಲ್ಲೋ ಇರಬಾರದು.